ಐವತ್ತೊಂದು ಡಿಗ್ರಿಯ ಊರು

ಚುನಾವಣೆ ಬಂತು ಅಂದ್ರೆ ಸಾಕು, ನಮ್ಮ ನ್ಯೂಸ್ ಚಾನೆಲ್‌ಗಳಿಗೆ ರಾಜಸ್ಥಾನದ ಒಂದು ಊರು ನೆನಪಾಗುತ್ತೆ. ಫಲೋದಿ. ಅಲ್ಲಿನ ಸಟ್ಟಾ ಬಜಾರ್ ಯಾರಿಗೆ ಎಷ್ಟು ಸೀಟು ಕೊಡ್ತಿದೆ ಅಂತ ನಾವು ಸ್ಕ್ರೀನ್ ಮೇಲೆ ಹಾಕ್ತೀವಿ, ನೀವೂ ನೋಡ್ತೀರಿ. ಫಲಿತಾಂಶ ಬಂದ ಮರುದಿನ ಆ ಊರು ಯಾರಿಗೂ ಬೇಡ. ಇವತ್ತು ನಾನು ಹೇಳ್ತಿರೋದು ಅದೇ ಫಲೋದಿಯ ಕಥೆ. ಸೀಟಿನ ಲೆಕ್ಕ ಅಲ್ಲ, ಬಿಸಿಲಿನ ಲೆಕ್ಕ.

2016ರ ಮೇ 19. ಥಾರ್ ಮರುಭೂಮಿಯ ಈ ಊರಿನಲ್ಲಿ ತಾಪಮಾನ 51 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. 1956ರ ಮೇ ತಿಂಗಳಲ್ಲಿ ಅದೇ ರಾಜ್ಯದ ಅಲ್ವರ್‌ನಲ್ಲಿ ದಾಖಲಾಗಿದ್ದ 50.6 ಡಿಗ್ರಿಯ ದಾಖಲೆ ಅರವತ್ತು ವರ್ಷಗಳ ಮೇಲೆ ಮುರಿಯಿತು. ಎಲ್ಲ ಕಡೆ ಬ್ರೇಕಿಂಗ್ ನ್ಯೂಸ್. ಆದರೆ ಅದರ ಹಿಂದೆ ಇನ್ನೊಂದು ಸುದ್ದಿ ಇತ್ತು. ಅದೇ ವರ್ಷದ ಮಾರ್ಚ್ ಕೊನೆಯಲ್ಲಿ ಭಾರತೀಯ ಹವಾಮಾನ ಇಲಾಖೆ ಮೊಟ್ಟಮೊದಲ ಬಾರಿಗೆ ಇಡೀ ಬೇಸಿಗೆಯ ಮುನ್ಸೂಚನೆ ಪ್ರಕಟಿಸಿತ್ತು. ಏಪ್ರಿಲ್‌ನಿಂದ ಜೂನ್‌ವರೆಗೆ ವಾಡಿಕೆಗಿಂತ ಹೆಚ್ಚು ಬಿಸಿ, ವಾಯವ್ಯ ಭಾರತದಲ್ಲಿ ಇನ್ನೂ ಜೋರು ಅಂತ ಹೇಳಿತ್ತು. ಅಂದ್ರೆ ಏಳು ವಾರ ಮೊದಲೇ ಗೊತ್ತಿತ್ತು. ಗೊತ್ತಾಗಿ ಏನಾಯ್ತು? ನನ್ನ ಪ್ರಶ್ನೆ ಇಷ್ಟೇ. ಉತ್ತರಕ್ಕೆ ಸ್ವಲ್ಪ ಹಿಂದೆ ಹೋಗೋಣ.

ನಮ್ಮ ದೇಶದಲ್ಲಿ ಹವಾಮಾನ ಇಲಾಖೆ ಶುರುವಾಗಿದ್ದು 1875ರಲ್ಲಿ. ಮರುವರ್ಷವೇ ದೊಡ್ಡ ಬರ ಬಂತು. ನಮ್ಮ ಹಿರಿಯರು ಧಾತು-ಈಶ್ವರ ಸಂವತ್ಸರದ ಬರ ಅಂತಿದ್ದರಲ್ಲ, ಅದೇ. ಮೈಸೂರು ಸಂಸ್ಥಾನದಲ್ಲಿ ಸುಮಾರು ಐದನೇ ಒಂದು ಪಾಲು ಜನಸಂಖ್ಯೆಯೇ ಅಳಿಸಿ ಹೋಯಿತು. ಮುಂದಿನ ಮಳೆ ಹೇಗೆ ಅಂತ ಮೊದಲೇ ತಿಳಿಯೋಕೆ ಆಗುತ್ತಾ ಎಂದು ಸರ್ಕಾರ ಕೇಳಿದ್ದು ಆಮೇಲೆ. ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡ್ ಹಿಮಾಲಯದ ಹಿಮವನ್ನು ನೋಡಿದ. ಚಳಿಗಾಲ, ವಸಂತದಲ್ಲಿ ಹಿಮ ಹೆಚ್ಚಿದ್ದರೆ ಮುಂಗಾರು ಸೊರಗುತ್ತದೆ ಅನ್ನೋದು ಅವನ ಲೆಕ್ಕ. ಆ ಆಧಾರದ ಮೇಲೆ 1886ರಲ್ಲಿ ಅಧಿಕೃತ ಮುನ್ಸೂಚನೆ ಹೊರಟಿತು.

ಇದೇ ಕಾಲಕ್ಕೆ ಮಾರವಾಡದ ವ್ಯಾಪಾರಿಗಳು ಮಳೆಯ ಭವಿಷ್ಯವನ್ನು ಬೇರೆ ರೀತಿಯಲ್ಲಿ ನೋಡ್ತಿದ್ದರು. ಕಲ್ಕತ್ತಾದ ಬಡಾ ಬಜಾರಿನಲ್ಲಿ ಮಳೆಯ ಮೇಲೆ ಬಾಜಿ! ತಾರಸಿಯ ನೀರು ಕೊಳವೆಯಿಂದ ಹರಿಯುತ್ತೋ ಇಲ್ಲವೋ ಅಂತ ದುಡ್ಡು ಕಟ್ಟೋದು. 1897ರಲ್ಲಿ ಬಂಗಾಳದಲ್ಲಿ ಕಾನೂನು ತಂದು ಅದನ್ನು ನಿಷೇಧಿಸಿದರು. ಕಾನೂನು ಬಂದರೂ ಆ ಚಟ ಹೋಗಲಿಲ್ಲ. ಫಲೋದಿ ಬಜಾರಿನಲ್ಲಿ ಮಳೆಯ ಬಾಜಿ ಎಲೆಕ್ಷನ್ ಬಾಜಿಗಿಂತ ಹಳೆಯದು.

ಇನ್ನು 1899ಕ್ಕೆ ಬನ್ನಿ. ಬ್ಲಾನ್‌ಫರ್ಡ್ ನಂತರ ಬಂದ ಜಾನ್ ಎಲಿಯಟ್ ಆ ವರ್ಷ ಮಳೆ ವಾಡಿಕೆಗಿಂತ ಚೆನ್ನಾಗಿರುತ್ತೆ ಅಂದ. ಮುಂಗಾರು ಕೈಕೊಟ್ಟಿತು. ರಾಜಸ್ಥಾನದ ಹಳ್ಳಿಗಳಲ್ಲಿ ಇವತ್ತಿಗೂ ಆ ಬರಕ್ಕೆ 'ಛಪ್ಪನಿಯಾ ಅಕಾಲ' ಅಂತಾರೆ. ವಿಕ್ರಮ ಸಂವತ್ 1956, ಛಪ್ಪನ್ ಅಂದ್ರೆ ಐವತ್ತಾರು, ಅದಕ್ಕೆ ಆ ಹೆಸರು. ದನಕರು ಹಿಂಡುಹಿಂಡಾಗಿ ಸತ್ತವು. ಜನ ಊರು ಬಿಟ್ಟು ಹೊರಟರು. ಸತ್ತವರು ಲಕ್ಷಾಂತರ. ಆಗ ಸರ್ಕಾರ ಏನು ಪಾಠ ಕಲೀತು ಗೊತ್ತಾ? ಪತ್ರಿಕೆಗಳು ಛೀಮಾರಿ ಹಾಕಿದ ಮೇಲೆ, 1902ರಿಂದ ಕೆಲವು ವರ್ಷ ಮುನ್ಸೂಚನೆಯನ್ನೇ ಗುಟ್ಟಾಗಿಟ್ಟಿತು. ಅಧಿಕಾರಿಗಳಿಗೆ ಮಾತ್ರ ಗೊತ್ತಿರಲಿ, ರೈತನಿಗೆ ಬೇಡ ಅಂತ.

ಸರಿ, ಸರ್ಕಾರದ ಕಥೆ ಅದಾಯ್ತು. ಮರುಭೂಮಿಯ ಜನ ಏನು ಮಾಡ್ತಿದ್ದರು?

ಅವರ ಬಳಿ ಭವಿಷ್ಯ ಇರಲಿಲ್ಲ ಅಂತಲ್ಲ. 'ನೌತಪಾ' ಅಂತ ಒಂದು ಲೆಕ್ಕ ಇದೆ. ಸೂರ್ಯ ರೋಹಿಣಿ ನಕ್ಷತ್ರಕ್ಕೆ ಬಂದ ಮೊದಲ ಒಂಬತ್ತು ದಿನ, ಅಂದ್ರೆ ಮೇ 25ರಿಂದ ಜೂನ್ 2ರ ಆಸುಪಾಸು. ಆ ಒಂಬತ್ತು ದಿನ ನೆಲ ಎಷ್ಟು ಕಾದರೆ ಮಳೆ ಅಷ್ಟು ಒಳ್ಳೇದು ಅನ್ನೋ ನಂಬಿಕೆ. ತಮಾಷೆ ನೋಡಿ, ಅದೇ ರೋಹಿಣಿಯಲ್ಲಿ ನಮ್ಮ ರೈತ ಮಳೆ ಎದುರು ನೋಡ್ತಾನೆ. ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ ಅಂತೀವಿ. ಒಂದೇ ನಕ್ಷತ್ರ, ಅಲ್ಲಿ ಬೆಂಕಿ, ಇಲ್ಲಿ ಮಳೆ. ಕಾದ ಥಾರ್ ನೆಲದ ಮೇಲೆ ವಾಯುಭಾರ ಕುಸಿದು ಮುಂಗಾರಿನ ಗಾಳಿಯನ್ನು ಎಳೆಯೋದಕ್ಕೆ ನೆರವಾಗುತ್ತೆ ಅನ್ನೋದು ನಿಜ. ಹಾಗಂತ ಒಂಬತ್ತು ದಿನದ ಬಿಸಿಲು ನಾಲ್ಕು ತಿಂಗಳ ಮಳೆಯನ್ನು ತೀರ್ಮಾನ ಮಾಡಲ್ಲ.

ಆದರೆ ನನಗೆ ಮುಖ್ಯ ಅನಿಸೋದು ನಂಬಿಕೆ ಅಲ್ಲ, ತಯಾರಿ. ಜೈಸಲ್ಮೇರ್ ಕಡೆ ವರ್ಷಕ್ಕೆ ಬೀಳೋದು 200 ಮಿಲಿಮೀಟರ್ ಆಸುಪಾಸಿನ ಮಳೆ. ಆ ಚೂರು ಮಳೆಯನ್ನು ಹಿಡಿಯೋಕೆ ಅಂಗಳದಲ್ಲಿ, ಹೊಲದಲ್ಲಿ ನೆಲದಡಿ ತೊಟ್ಟಿ ಕಟ್ಟಿದರು. 'ಟಾಂಕಾ' ಅಂತಾರೆ. ಬಾಯಿ ಮುಚ್ಚಿದ ತೊಟ್ಟಿ, ಬಿಸಿಲಿಗೆ ಆರಲ್ಲ. ಶ್ರಾವಣದಲ್ಲಿ ಹಿಡಿದ ನೀರು ಮೇ ತಿಂಗಳಿಗೆ. ಖೇಜಡಿ ಮರವನ್ನು ಹೊಲದ ನಡುವೆಯೇ ಉಳಿಸಿಕೊಂಡರು. ಬೇರೇನೂ ಅಲ್ಲ, ದಸರೆಗೆ ನಾವು ಪೂಜೆ ಮಾಡೋ ಬನ್ನಿ. ಉಳಿದದ್ದೆಲ್ಲ ಒಣಗಿ ನಿಂತಾಗ ಅದು ಚಿಗುರುತ್ತೆ. ನೆರಳು ಜನರಿಗೆ, ಸೊಪ್ಪು ಮೇಕೆಗೆ, ಕಾಯಿ ಅಡುಗೆಗೆ. ಬರ ಬಂದಾಗ ಅದರ ತೊಗಟೆಯನ್ನೇ ಕುಟ್ಟಿ ತಿಂದು ಬದುಕಿದವರಿದ್ದಾರೆ. ಪ್ರತಿ ಮೇ ತಿಂಗಳೂ ಕೆಟ್ಟದ್ದೇ ಇರುತ್ತೆ ಅಂದುಕೊಂಡು ಬದುಕು ಕಟ್ಟಿದ ಜನ ಅವರು. ಬಾಜಿ ಏನಿದ್ದರೂ ಬಜಾರಿನಲ್ಲಿ. ಮನೆಯಲ್ಲಿ ಟಾಂಕಾ.

ಆಮೇಲೆ ಇಂದಿರಾ ಗಾಂಧಿ ನಾಲೆ ಬಂತು. 1958ರಲ್ಲಿ ಕಾಮಗಾರಿ ಶುರು. ಪಂಜಾಬಿನ ನದಿ ನೀರು ಮರಳಿನ ನಡುವೆ ಹರೀತು. ದೊಡ್ಡ ಸಾಧನೆ, ಅನುಮಾನ ಬೇಡ. ಆದರೆ ನಲ್ಲಿ ಬಂದ ಕಡೆ ಎಷ್ಟೋ ಟಾಂಕಾಗಳು ಹಾಳುಬಿದ್ದವು. ರಿಪೇರಿಗಾಗಿ ಆ ನಾಲೆಯನ್ನು ಬಂದ್ ಮಾಡೋದು ಯಾವಾಗ ಗೊತ್ತಾ? ಸಾಮಾನ್ಯವಾಗಿ ಮಾರ್ಚ್ ಕೊನೆಯಿಂದ ಮೇ ತನಕ! ಜನ ಇದಕ್ಕೆ 'ನಹರ್ ಬಂದಿ' ಅಂತಾರೆ. ಪಶ್ಚಿಮ ರಾಜಸ್ಥಾನದ ಜಿಲ್ಲೆಗಳಲ್ಲಿ ಬಾಯಾರಿಕೆ ಹೆಚ್ಚಿರೋ ದಿನಗಳಲ್ಲೇ ನೀರು ಕಮ್ಮಿ.

2024ರಲ್ಲಿ ಮತ್ತದೇ ಕಥೆ. ಏಪ್ರಿಲ್ ಆರಂಭದಲ್ಲೇ ಹವಾಮಾನ ಇಲಾಖೆ ಎಚ್ಚರಿಸಿತ್ತು. ಬೇಸಿಗೆಯಲ್ಲಿ 4ರಿಂದ 8 ದಿನ ಇರುವ ಬಿಸಿಗಾಳಿ ಈ ಸಲ ಕೆಲವು ಕಡೆ 10ರಿಂದ 20 ದಿನ ಇರಬಹುದು ಅಂತ. ಮೇ 25ಕ್ಕೆ, ನೌತಪಾ ಶುರುವಾಗೋ ಹೊತ್ತಿಗೆ, ಫಲೋದಿಯಲ್ಲಿ 50 ಡಿಗ್ರಿ. ಎಲಿಯಟ್ ಕಾಲದಲ್ಲಿ ಮುನ್ಸೂಚನೆ ತಪ್ಪಾಗಿತ್ತು, ಜನ ಸತ್ತರು. ಈಗ ಮುನ್ಸೂಚನೆ ಸರಿಯಾಗಿದೆ, ಆದರೂ ಜನ ಸಾಯ್ತಿದ್ದಾರೆ. ಇಲ್ಲಿ ವಿಜ್ಞಾನಿಯನ್ನು ಬೈಯೋಕೆ ಆಗಲ್ಲ ಸ್ವಾಮಿ.

ಆ ಮೇ ಕೊನೆಯಲ್ಲಿ ರಾಜಸ್ಥಾನ ಹೈಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತು. ರಸ್ತೆಗೆ ನೀರು ಹಾಕಿ, ಸಿಗ್ನಲ್ ಬಳಿ ನೆರಳು ಮಾಡಿ, ಕೂಲಿಯವರಿಗೆ, ರಿಕ್ಷಾ ಎಳೆಯುವವರಿಗೆ ಮಧ್ಯಾಹ್ನ 12ರಿಂದ 3ರವರೆಗೆ ವಿಶ್ರಾಂತಿ ಕೊಡಿ ಅಂತ ಸರ್ಕಾರಕ್ಕೆ ಹೇಳಿತು. ಯೋಚನೆ ಮಾಡಿ. ನೆರಳು, ನೀರು, ವಿರಾಮ. ಹಳ್ಳಿಯ ಅಜ್ಜಿ ಹೇಳೋ ಮಾತನ್ನು ನ್ಯಾಯಾಲಯ ಆದೇಶ ಮಾಡಿ ಹೇಳಬೇಕಾಯ್ತು.

ನಮಗೇನು, ಅದು ಮರುಭೂಮಿ ಅನ್ನಬೇಡಿ. ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯೋದನ್ನು ನಾವು ನೋಡಿದ್ದೇವೆ. ಒಳ್ಳೆಯ ಕ್ರಮ. ಬಿಸಿಲು ಬರುತ್ತೆ ಅಂತ ಗೊತ್ತಾದಾಗ ಆದೇಶ ಹೊರಡಿಸೋಕೆ ಸರ್ಕಾರಕ್ಕೆ ಬರುತ್ತೆ ಅನ್ನೋದಕ್ಕೆ ಅದೇ ಸಾಕ್ಷಿ. ಹಾಗಾದರೆ ಅದೇ ಕಚೇರಿಯ ಎದುರು ಗಾರೆ ಕೆಲಸ ಮಾಡುವವನಿಗೆ, ತಳ್ಳುಗಾಡಿಯಲ್ಲಿ ಹಣ್ಣು ಮಾರುವ ತಾಯಿಗೆ ಆ 1.30 ಯಾವಾಗ ಆಗುತ್ತೆ? ಮುಂದಿನ ಬೇಸಿಗೆಯ ಮುನ್ಸೂಚನೆ ಬರುವ ಮೊದಲು ಇದಕ್ಕೆ ಉತ್ತರ ಬೇಕು.