ಹತಾರ ಕಸಿದ ಕಾನೂನು

ಹಲಗಲಿ ಬೇಡರ ಲಾವಣಿಯನ್ನು ಹತ್ತನೆಯ ತರಗತಿಗೆ ಪಾಠ ಮಾಡುವಾಗ ಹುಡುಗರ ಕಿವಿ ನೆಟ್ಟಗಾಗುವುದು ಗುಂಡು ಹಾರುವ ಕಡೆ. ನನ್ನ ಮನಸ್ಸು ನಿಲ್ಲುವುದು ಕೊನೆಯ ಭಾಗದಲ್ಲಿ. ದಂಡಿನವರು ಊರು ಹೊಕ್ಕು ಏನೇನು ದೋಚಿದರೆಂಬ ಪಟ್ಟಿ ಅಲ್ಲಿದೆ. ಕೊಡಲಿ, ಕಬ್ಬಿಣ ಒಯ್ದದ್ದಕ್ಕೆ ಒಂದು ಅರ್ಥವಿದೆ ಎನ್ನೋಣ. ಆದರೆ ಜೀರಿಗೆ, ಅರಿಸಿನ, ಬೆಲ್ಲ? ಬೀಸುಕಲ್ಲು? ಹೆಂಗಸರ ಮಂಗಳಸೂತ್ರ? ಹತಾರ ಒಪ್ಪಿಸಿ ಎಂದು ಬಂದ ಕಾನೂನು ಅಡುಗೆಮನೆಯನ್ನೂ ಗುಡಿಸಿಕೊಂಡು ಹೋಯಿತು. ಲಾವಣಿ ಕಟ್ಟಿದವನು ಗಂಡಸೇ ಇರಬೇಕು. ಆದರೂ ಇದನ್ನು ಮರೆಯಲಿಲ್ಲವಲ್ಲ ಎಂದು ನನಗೆ ಪ್ರತಿಸಲವೂ ಅಚ್ಚರಿ.

ಆ ಕಾನೂನು 1857ರದು. ಉತ್ತರದಲ್ಲಿ ಸಿಪಾಯಿಗಳು ದಂಗೆಯೆದ್ದಾಗ ಬೆದರಿದ ಕಂಪನಿ ಸರ್ಕಾರ, ಆಯುಧವಿದ್ದವರೆಲ್ಲ ಅದನ್ನು ದಾಖಲು ಮಾಡಿಸಿ ಅನುಮತಿ ಪಡೆಯಬೇಕು, ಇಲ್ಲವೇ ಒಪ್ಪಿಸಬೇಕು ಎಂದು ಆಜ್ಞೆ ಹೊರಡಿಸಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಹತಾರವೆಂದರೆ ಅನ್ನ, ಹತಾರವೆಂದರೆ ಮಾನ. ಅವರು ಕೊಡಲಿಲ್ಲ. ನವೆಂಬರ್ ಕೊನೆಗೆ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ ಮುಧೋಳದಲ್ಲಿ 13, ಹಲಗಲಿಯಲ್ಲಿ 6, ಒಟ್ಟು 19 ಮಂದಿಯನ್ನು ಗಲ್ಲಿಗೇರಿಸಿದರು. ನಮ್ಮ ದೇಶದ ಬಂದೂಕು ಕಾನೂನಿನ ಕಥೆ ಹೀಗೆ ಶುರುವಾಯಿತು. ಕಳ್ಳಕಾಕರ ಮೇಲಿನ ಸಿಟ್ಟಿನಿಂದಲ್ಲ, ಪ್ರಜೆಗಳ ಮೇಲಿನ ಭಯದಿಂದ.

ನಂಬಿಕೆ ಬಂದವರಿಗೆ ಅದೇ ಸರ್ಕಾರ ಕಾನೂನನ್ನೇ ಬಿಟ್ಟುಕೊಟ್ಟದ್ದೂ ಉಂಟು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರ ನಿಷ್ಠೆಯನ್ನು ಹೊಗಳಿ ಅವರಿಗೆ ಈ ಕಾಯಿದೆಯಿಂದ ವಿನಾಯಿತಿ ಕೊಟ್ಟ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆ ವಿನಾಯಿತಿ ಇವತ್ತಿಗೂ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ತೋಕ್‌ಪೂ ಮುಡಿಸಿ ಪೂಜೆ ಮಾಡುತ್ತಾರೆ. ತೆಂಗಿನಕಾಯಿಗೆ ಗುರಿಯಿಡುವ ಪಂದ್ಯಕ್ಕೆ ಈಗ ಹೆಂಗಸರೂ ನಿಲ್ಲುತ್ತಾರೆ. ಇಷ್ಟೆಲ್ಲ ಕೋವಿಗಳಿದ್ದೂ ಕೊಡಗು ದರೋಡೆಕೋರರ ನಾಡಾಗಲಿಲ್ಲ.

1878ರಲ್ಲಿ ಲಾರ್ಡ್ ಲಿಟ್ಟನ್ ಇಡೀ ದೇಶಕ್ಕೆ ಆಯುಧ ಕಾಯಿದೆ ತಂದ. ದೇಶಭಾಷೆಯ ಪತ್ರಿಕೆಗಳ ಬಾಯಿಗೆ ಬೀಗ ಹಾಕಿದ್ದೂ ಅದೇ ವರ್ಷವೇ. ಭಾರತೀಯನಿಗೆ ಪರವಾನಗಿ ಬೇಕು, ಯುರೋಪಿಯನ್ನನಿಗೆ ಬೇಡ. ಅಹಿಂಸೆಯ ಗಾಂಧೀಜಿಗೂ ಈ ಕಾಯಿದೆ ಒಂದು ಕಪ್ಪು ಮಸಿಯಾಗಿ ಕಂಡಿತ್ತು. ಕಾಂಗ್ರೆಸ್ಸು 1931ರ ಕರಾಚಿ ಅಧಿವೇಶನದಲ್ಲಿ ಅಂಗೀಕರಿಸಿದ ಮೂಲಭೂತ ಹಕ್ಕುಗಳಲ್ಲಿ, ನಿಯಮಕ್ಕೊಳಪಟ್ಟು ಆಯುಧ ಹೊಂದುವ ಹಕ್ಕೂ ಒಂದಾಗಿತ್ತು. ಮುಂದೆ 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಮಂಗಳೂರು ಮೂಲದ ಎಚ್.ವಿ. ಕಾಮತ್ ಅದನ್ನೇ ನೆನಪಿಸಿ ತಿದ್ದುಪಡಿ ತಂದರು. ಅಂಬೇಡ್ಕರ್ ಒಪ್ಪಲಿಲ್ಲ, ಹಕ್ಕೆಂದು ಬರೆದರೆ ದರೋಡೆಕೋರನೂ ಅದನ್ನೇ ಕೇಳಿಯಾನು ಎಂಬುದು ಅವರ ವಾದದ ತಿರುಳು. ತಿದ್ದುಪಡಿ ಬಿದ್ದುಹೋಯಿತು. 1959ರಲ್ಲಿ ನಮ್ಮದೇ ಆಯುಧ ಕಾಯಿದೆ ಬಂತು. ಬಿಳಿಯ ಕರಿಯ ಭೇದ ಹೋಯಿತು, ಪರವಾನಗಿ ಉಳಿಯಿತು.

ಅಂಬೇಡ್ಕರರ ಮಾತೇ ಸರಿ ಎನ್ನುವವಳು ನಾನು. ಮನೆಯಲ್ಲೊಂದು ಬಂದೂಕಿದ್ದರೆ ಹೆಂಗಸರಿಗೆ ಧೈರ್ಯ ಎಂದು ಹೇಳುವವರಿದ್ದಾರೆ. ಗೋಡೆಗೆ ತೂಗುಹಾಕಿದ ಬಂದೂಕು ಕಳ್ಳ ಬರುವ ರಾತ್ರಿಯನ್ನೇ ಕಾಯುತ್ತ ಕೂರುತ್ತದೆಯೇ? ಗಂಡ ಕುಡಿದು ಬಂದ ರಾತ್ರಿಯೂ ಅದು ಅಲ್ಲೇ ಇರುತ್ತದೆ. ಬಂದೂಕು ಧಾರಾಳವಾಗಿ ಸಿಗುವ ಅಮೆರಿಕದಲ್ಲಿ ಕೆಲರ್‌ಮನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನ, ಬಂದೂಕಿರುವ ಮನೆಯಲ್ಲಿ ಕೊಲೆಯ ಅಪಾಯ ಸುಮಾರು 2.7 ಪಟ್ಟು ಎಂದು ಲೆಕ್ಕ ಹಾಕಿತು. ಕೊಂದವರು ಬಹುಪಾಲು ನೆಂಟರು, ಇಲ್ಲವೇ ಗುರುತಿನವರು. ನಮ್ಮ ಬೀದಿಯ ಮನೆಗಳಲ್ಲಿ ಬಂದೂಕಿಲ್ಲದಿರುವುದು ಪರವಾನಗಿ ಕಾನೂನಿನ ಪುಣ್ಯ. ಅಷ್ಟರಮಟ್ಟಿಗೆ ಅದು ಕೆಲಸ ಮಾಡಿದೆ.

ಆದರೆ ಕೊಲೆಗಡುಕನ ಕೈಗೆ ಬಂದೂಕು ಬರುವ ದಾರಿಯೇ ಬೇರೆ. ಗುಂಡಿಕ್ಕಿ ಮಾಡುವ ಕೊಲೆಗಳಲ್ಲಿ ಬಹುಪಾಲು ಪರವಾನಗಿಯಿಲ್ಲದ ಆಯುಧಗಳಿಂದಲೇ ಆಗುತ್ತವೆಂದು ಪೊಲೀಸ್ ಇಲಾಖೆಯ ಲೆಕ್ಕಗಳೇ ತೋರಿಸುತ್ತವೆ. ಇವುಗಳ ತವರುಗಳಲ್ಲಿ ಹೆಸರಾದದ್ದು ಬಿಹಾರದ ಮುಂಗೇರ್. 1760ರ ದಶಕದಲ್ಲಿ ಬಂಗಾಳದ ನವಾಬ ಮೀರ್ ಕಾಸಿಂ ರಾಜಧಾನಿಯನ್ನು ಅಲ್ಲಿಗೆ ಸಾಗಿಸಿ, ಇಂಗ್ಲಿಷರನ್ನು ಎದುರಿಸಲು ಬಂದೂಕಿನ ಕಾರ್ಖಾನೆ ಹಾಕಿಸಿದ. ನವಾಬ ಸೋತ, ಕಸುಬು ಉಳಿಯಿತು. ಸ್ವಾತಂತ್ರ್ಯ ಬಂದ ಮೇಲೆ ಪರವಾನಗಿ ಪಡೆದ ಕಾರ್ಖಾನೆಗಳಲ್ಲಿ ಒಂಟಿನಳಿಕೆ, ಜೋಡುನಳಿಕೆ ಬಂದೂಕುಗಳು ತಯಾರಾದವು. ಬೇಡಿಕೆ ಕುಗ್ಗಿದಾಗ ಕೆಲಸವಿಲ್ಲದ ಕುಶಲಕರ್ಮಿಗಳಲ್ಲಿ ಹಲವರು ಮನೆಯ ಹಿತ್ತಲಲ್ಲಿ ಕಟ್ಟಾ, ಪಿಸ್ತೂಲು ಮಾಡತೊಡಗಿದರು. ತಲೆಮಾರುಗಳಿಂದ ಬಂದ ಕೈಚಳಕಕ್ಕೆ ಪರವಾನಗಿ ಸಾಲದಾದರೆ ಅದು ಕಳ್ಳದಾರಿ ಹುಡುಕುತ್ತದೆ. 2018ರಲ್ಲಿ ಇನ್ನೂ ದೊಡ್ಡ ಸುದ್ದಿ ಬಂತು. ಜಬಲ್ಪುರದ ಸೈನ್ಯದ ಆಯುಧ ಉಗ್ರಾಣದಿಂದಲೇ ಕದ್ದು ಸಾಗಿಸಿದ ಎಕೆ-47 ಬಂದೂಕುಗಳು ಮುಂಗೇರ್ ಜಿಲ್ಲೆಯ ಹಳ್ಳಿಯ ಬಾವಿಯಲ್ಲಿ ಸಿಕ್ಕವು. ಸರ್ಕಾರದ ಬೀಗದೊಳಗಿನ ಮಾಲು!

ನಾಡಪಿಸ್ತೂಲಿನ ಸದ್ದು ನಮಗೂ ದೂರದ್ದಲ್ಲ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲೇ ಕೊಂದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನೂ ಮನೆಯ ಮುಂದೆಯೇ ಕೊಂದರು. ಎರಡೂ ಕಡೆ ಗುಂಡು ಹಾರಿದ್ದು ಒಂದೇ 7.65 ಮಿಲಿಮೀಟರ್ ನಾಡಪಿಸ್ತೂಲಿನಿಂದ ಎಂದು ವಿಧಿವಿಜ್ಞಾನ ಪ್ರಯೋಗಾಲಯ ವರದಿ ಕೊಟ್ಟಿತು. ಎರಡು ವರ್ಷ ಒಂದು ಪಿಸ್ತೂಲು ಯಾವ ದಾಖಲೆಯಲ್ಲೂ ಇಲ್ಲದೆ ಕೈಯಿಂದ ಕೈಗೆ ಓಡಾಡಿತು. ಅದೇ ಅವಧಿಯಲ್ಲಿ ಚುನಾವಣೆ ಬಂದಾಗಲೆಲ್ಲ ಮಲೆನಾಡಿನ ರೈತರು ಮಂಗ, ಹಂದಿ ಓಡಿಸಲು ಇಟ್ಟುಕೊಂಡ ಕೋವಿಯನ್ನು ಠಾಣೆಗೆ ಹೊತ್ತು ರಸೀದಿ ಪಡೆಯುತ್ತಿದ್ದರು. ಅಷ್ಟರಲ್ಲಿ ಬೆಳೆ ಹಂದಿಯ ಪಾಲು.

2019ರ ಡಿಸೆಂಬರಿನಲ್ಲಿ ಕಾಯಿದೆಯನ್ನು ಬಿಗಿ ಮಾಡಿದರು. ಕಳ್ಳ ಆಯುಧ ತಯಾರಿಸಿ ಮಾರುವವನಿಗೆ ಇದ್ದ ಶಿಕ್ಷೆಯನ್ನು ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಏರಿಸಿದರು. ಇದು ಆಗಬೇಕಾದದ್ದೇ. ಜೊತೆಗೆ ಪರವಾನಗಿದಾರರು ಇಟ್ಟುಕೊಳ್ಳಬಹುದಾದ ಬಂದೂಕು 3ರಿಂದ 2ಕ್ಕೆ ಇಳಿಯಿತು. ಹೆಚ್ಚಿಗೆಯದನ್ನು ಒಂದು ವರ್ಷದೊಳಗೆ ಠಾಣೆಗೋ ಪರವಾನಗಿ ಪಡೆದ ವ್ಯಾಪಾರಿಗೋ ಒಪ್ಪಿಸಿ ಎಂದರು. ಹಾಗೆ ಹೊತ್ತು ತಂದವರು ಹೆಸರು, ವಿಳಾಸ ರಿಜಿಸ್ಟರಿನಲ್ಲಿ ಇದ್ದವರೇ.