ಕೊಳಚೆಯಿಂದ ಹುಟ್ಟಿದ ಒಕ್ಕೂಟ: ರೂರ್ ಪ್ರದೇಶದ ಪಾಳು ಕಾರ್ಖಾನೆಗಳ ಮರುಬಳಕೆಯ ಚರಿತ್ರೆ

ಮುಚ್ಚಿಹೋದ ಗಣಿ, ಕಾರ್ಖಾನೆಗಳ ನೆಲವನ್ನು ನೆರೆಹೊರೆಯ ಊರುಗಳು ಕೂಡಿ ಮತ್ತೆ ಬಳಕೆಗೆ ತಂದ ಮಾತು ಬಂದರೆ ಜರ್ಮನಿಯ ರೂರ್ ಪ್ರದೇಶದ ಹೆಸರು ಬಂದೇ ಬರುತ್ತದೆ. ಅದರಲ್ಲೂ 1989ರಿಂದ 1999ರವರೆಗೆ ನಡೆದ ಎಮ್ಷರ್ ಪಾರ್ಕ್ ಅಂತರರಾಷ್ಟ್ರೀಯ ಕಟ್ಟಡ ಪ್ರದರ್ಶನದ ಹೆಸರು. ಆದರೆ ಈ ಚರಿತ್ರೆಯನ್ನು 1989ರಿಂದ ಶುರುಮಾಡುವುದು ತಪ್ಪೆಂಬುದು ನನ್ನ ವಾದ. ಅಲ್ಲಿನ ಊರುಗಳು ಒಟ್ಟಿಗೆ ಕೂತು ಖರ್ಚು ಹಂಚಿಕೊಳ್ಳಲು ಕಲಿತದ್ದು ಅದಕ್ಕೂ 90 ವರ್ಷ ಮೊದಲು, ಕೊಳಚೆಯ ದೆಸೆಯಿಂದ.

ಎಮ್ಷರ್ ಅಲ್ಲಿನ ಸಣ್ಣ ನದಿ. ಅಡಿಯಿಂದ ಕಲ್ಲಿದ್ದಲು ತೆಗೆದಂತೆಲ್ಲ ಮೇಲಿನ ನೆಲ ಕುಸಿಯಿತು. ಹರಿವು ತಪ್ಪಿದ ನೀರು ಮನೆ, ಗಣಿಗಳ ಕೊಳೆ ಹೊತ್ತು ಅಲ್ಲಲ್ಲೇ ನಿಂತಿತು. ಒಳಚರಂಡಿ ಹಾಕೋಣವೆಂದರೆ ಕುಸಿತಕ್ಕೆ ಕೊಳವೆ ಒಡೆಯುತ್ತದೆ. ಮೇಲಿನೂರಿನ ಕೊಳಚೆ ಕೆಳಗಿನೂರಿನ ಪಾಲು. 1899ರಲ್ಲಿ ಬೋಹುಮ್‌ನಲ್ಲಿ ಪುರಸಭೆಗಳು, ಗಣಿಗಳು, ಕಾರ್ಖಾನೆಗಳು ಸೇರಿ ಎಮ್ಷರ್ ಸಹಕಾರ ಸಂಘ ಕಟ್ಟಿದವು. 1904ರಲ್ಲಿ ಪ್ರಷ್ಯಾ ಅದಕ್ಕೆಂದೇ ಕಾನೂನು ಮಾಡಿತು. ಕೆಡಿಸಿದಷ್ಟಕ್ಕೆ, ಪಡೆದ ಲಾಭದಷ್ಟಕ್ಕೆ ವಂತಿಗೆ. ಈ ಸಂಘವೇ ನದಿಗೆ ಕಾಂಕ್ರೀಟು ಹಾಸಿ ಅದನ್ನು ತೆರೆದ ಚರಂಡಿಯಾಗಿಸಿತು. ಸಹಕಾರವೆಂದರೆ ಪರಿಸರಪ್ರೇಮ ಎಂದುಕೊಂಡವರಿಗೆ ಇದು ಇರುಸುಮುರುಸಿನ ಸಂಗತಿ.

1958ರ ಬಳಿಕ ಗಣಿಗಳು ಒಂದೊಂದಾಗಿ ಮುಚ್ಚಿದವು. ಕಂಪನಿಗಳು ಮಾತ್ರ ಪಾಳು ನೆಲವನ್ನು ಮಾರಲೊಲ್ಲವು. 1980ರ ಹೊತ್ತಿಗೆ ರಾಜ್ಯ ಸರ್ಕಾರ ಭೂನಿಧಿಯೊಂದನ್ನು ತೆರೆದು, ನೆಲ ಕೊಂಡು, ಶುಚಿಮಾಡಿ ಊರುಗಳಿಗೆ ಒದಗಿಸತೊಡಗಿತು. 1989ರ ಪ್ರದರ್ಶನ ನಿಂತದ್ದು ಸಹಕಾರ ಸಂಘ, ಭೂನಿಧಿ ಎಂಬ ಈ ಎರಡು ಬುನಾದಿಗಳ ಮೇಲೆ. ಅದನ್ನು ನಡೆಸಲು ಹುಟ್ಟಿದ, ಕಾರ್ಲ್ ಗಾನ್ಸರ್ ಮುನ್ನಡೆಸಿದ ಸಂಸ್ಥೆಗೆ ಯೋಜನೆ ಹೇರುವ ಅಧಿಕಾರವೇ ಇರಲಿಲ್ಲ. 17 ಊರುಗಳು ಮನಸ್ಸಿದ್ದರೆ ಸೇರಬಹುದಿತ್ತು. ಗುಣಮಟ್ಟದ ಪರೀಕ್ಷೆ ಗೆದ್ದ ಯೋಜನೆಗೆ ಸರ್ಕಾರದ ಅನುದಾನದಲ್ಲಿ ಮೊದಲ ಮಣೆ. ಹೀಗೆ ಸುಮಾರು 120 ಯೋಜನೆಗಳು ಕೈಗೂಡಿದವು.

ಡ್ಯೂಸ್‌ಬುರ್ಗ್‌ನ ಮೈಡರಿಶ್ ಕಬ್ಬಿಣದ ಕಾರ್ಖಾನೆಯನ್ನೇ ನೋಡಿ. 1985ರಲ್ಲಿ ಕುಲುಮೆ ಆರಿತು. ಕೆಡವಬಾರದೆಂದು ಊರವರು ಪಟ್ಟುಹಿಡಿದರು. ವಿನ್ಯಾಸಕಾರ ಪೀಟರ್ ಲಾಟ್ಸ್ ಕುಲುಮೆಯನ್ನು ಹಾಗೆಯೇ ಉಳಿಸಿ ಸುತ್ತ ಉದ್ಯಾನ ಬೆಳೆಸಿದರು. ಎರಕದ ಗುಂಡಿಗೆ ಹಾಸಿದ್ದ 49 ಕಬ್ಬಿಣದ ಹಲಗೆಗಳನ್ನು ತಂದು ಚೌಕವೊಂದಕ್ಕೆ ನೆಲಹಾಸು ಮಾಡಿದರು. ಕಾದ ಕಬ್ಬಿಣ ಕೊರೆದ ಗುರುತು ಅವುಗಳ ಮೇಲೆ ಇಂದಿಗೂ ಕಾಣುತ್ತದೆ. ಅದಿರಿನ ಗೋದಾಮಿನ ಗೋಡೆ ಈಗ ಬಂಡೆ ಹತ್ತುವವರದು. ನೀರು ತುಂಬಿದ ಅನಿಲ ಟ್ಯಾಂಕು ಮುಳುಗುಗಾರರದು.

ಹಳೆಯ ಕೆಲಸಗಳು ಮಾತ್ರ ಮರಳಲಿಲ್ಲ. ಇದೇ ಪ್ರದೇಶದ ಗೆಲ್ಸೆನ್‌ಕಿರ್ಷೆನ್ ಇಂದಿಗೂ ಜರ್ಮನಿಯಲ್ಲಿ ನಿರುದ್ಯೋಗ ಅತಿ ಹೆಚ್ಚಿರುವ ನಗರಗಳಲ್ಲೊಂದು. ಉದ್ಯಾನಗಳ ಹೊಗಳಿಕೆಯಲ್ಲಿ ಈ ಮಾತು ಮರೆಯಾಗಬಾರದು.

ಗಣಿಗಾರಿಕೆ ಸರಿದು ನೆಲ ನೆಲೆಗೊಂಡ ಮೇಲೆ, 1992ರಿಂದ ಸಹಕಾರ ಸಂಘವೇ ತನ್ನ ಹಳೆಯ ಚರಂಡಿಯನ್ನು ಮತ್ತೆ ನದಿಯಾಗಿಸಲು ಹೊರಟಿತು. 51 ಕಿಲೋಮೀಟರ್ ಉದ್ದದ ಮುಖ್ಯ ಒಳಚರಂಡಿ ನೆಲದಡಿ ಬಂತು. 2021ರ ಕೊನೆಗೆ ಎಮ್ಷರ್‌ಗೆ ಕೊಳಚೆ ಹರಿಯುವುದು ನಿಂತಿತು. ಕುಸಿದ ನೆಲ ಮಾತ್ರ ಮೇಲೇಳುವುದಿಲ್ಲ. ಊರುಗಳು ಮುಳುಗದಂತೆ ನೀರೆತ್ತುವ ಪಂಪುಗಳು ಇಂದಿಗೂ ನಡೆಯುತ್ತಿವೆ.