ವಿಕಿರಣದಿಂದ ಡಿಎನ್‌ಎಗೆ ಆಗುವ ಹಾನಿ ಹಾಗೂ ಜೀವಕೋಶದ ದುರಸ್ತಿ ಕ್ರಮ: ಸಾರ್ವಜನಿಕರಿಗೆ ಮಾಹಿತಿ

ಎಕ್ಸ್-ರೇ, ಸಿ.ಟಿ. ಸ್ಕ್ಯಾನ್ ಮತ್ತು ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಳಸಲಾಗುವ ವಿಕಿರಣವು ಜೀವಕೋಶದಲ್ಲಿನ ಡಿಎನ್‌ಎಗೆ ನೇರವಾಗಿ ತಾಗಿ ಅಥವಾ ಕೋಶದೊಳಗಿನ ನೀರನ್ನು ವಿಭಜಿಸುವ ಮೂಲಕ ಹಾನಿಯುಂಟುಮಾಡುತ್ತದೆ. ಒಂದು ಗ್ರೇ ಪ್ರಮಾಣದ ಎಕ್ಸ್-ರೇ ಬಿದ್ದಲ್ಲಿ ಪ್ರತಿ ಕೋಶದಲ್ಲಿ ಸುಮಾರು 1,000 ಕಡೆ ಡಿಎನ್‌ಎಯ ಒಂದು ಎಳೆಯೂ, ಸುಮಾರು 40 ಕಡೆ ಎರಡೂ ಎಳೆಗಳೂ ತುಂಡಾಗುತ್ತವೆ. (ಎದೆಯ ಎಕ್ಸ್-ರೇಯಲ್ಲಿ ತಗಲುವ ಪ್ರಮಾಣವು ಇದರ ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಬಹಳ ಕಡಿಮೆ.)

ಒಂದೇ ಎಳೆ ತುಂಡಾದಾಗ ಎದುರಿನ ಎಳೆಯು ಕಚೇರಿ ಪ್ರತಿಯಂತೆ ಉಳಿದಿರುತ್ತದೆ. ಅದನ್ನು ನೋಡಿಕೊಂಡು ಕಿಣ್ವಗಳು ನಷ್ಟವಾದ ಭಾಗವನ್ನು ಭರ್ತಿ ಮಾಡುತ್ತವೆ.

ಎರಡೂ ಎಳೆಗಳು ತುಂಡಾದಲ್ಲಿ ನೋಡಿಕೊಳ್ಳಲು ಪ್ರತಿಯೇ ಇರುವುದಿಲ್ಲ. ಇದೇ ಗಂಭೀರವಾದ ಹಾನಿ. ತುಂಡಾದ ತುದಿಗಳನ್ನು ಎಂ.ಆರ್.ಎನ್. ಎಂಬ ಪ್ರೋಟೀನ್ ಸಮೂಹವು ಗುರುತಿಸಿ ಎ.ಟಿ.ಎಂ. ಎಂಬ ಕಿಣ್ವವನ್ನು ಚುರುಕುಗೊಳಿಸುತ್ತದೆ. ಆ ಕಿಣ್ವವು ಹಾನಿಯಾದ ಸ್ಥಳದ ಸುತ್ತಲೂ ಗುರುತು ಹಾಕುವುದಲ್ಲದೆ, ಪಿ53 ಎಂಬ ಪ್ರೋಟೀನ್ ಮುಖಾಂತರ ಕೋಶವಿಭಜನೆಯನ್ನು ತಡೆಹಿಡಿಯುತ್ತದೆ. ತರುವಾಯ ತುದಿಗಳನ್ನು ನೇರವಾಗಿ ಬೆಸೆಯಲಾಗುತ್ತದೆ. ಈ ವಿಧಾನ ಶೀಘ್ರವಾದುದಾದರೂ ಕೆಲವು ಅಕ್ಷರಗಳು ಕಳೆದುಹೋಗುವ ಸಂಭವವಿದೆ. ಕೋಶವು ವಿಭಜನೆಗೆ ಸಿದ್ಧವಾಗಿ ಡಿಎನ್‌ಎಯ ನಕಲು ತಯಾರಾಗಿದ್ದಲ್ಲಿ ಮಾತ್ರ ಬಿಆರ್‌ಸಿಎ1, ಬಿಆರ್‌ಸಿಎ2 ಪ್ರೋಟೀನ್‌ಗಳ ನೆರವಿನಿಂದ ಅದರಂತೆ ನಿಖರವಾಗಿ ಸರಿಪಡಿಸಲು ಸಾಧ್ಯ. ದುರಸ್ತಿ ಅಸಾಧ್ಯವಾದಾಗ ಕೋಶವು ತನ್ನನ್ನು ತಾನೇ ನಾಶಪಡಿಸಿಕೊಳ್ಳುವುದುಂಟು. ದೇಹದ ದೃಷ್ಟಿಯಿಂದ ಇದು ನಷ್ಟವಲ್ಲ. ತಪ್ಪಾಗಿ ಬೆಸೆದುಕೊಂಡೂ ಬದುಕುಳಿಯುವ ಕೋಶವೇ ಮುಂದೆ ಕ್ಯಾನ್ಸರಿಗೆ ಕಾರಣವಾಗಬಹುದು. ಹೀಗೆ ತಪ್ಪಾಗಿ ಜೋಡಣೆಗೊಂಡ ವರ್ಣತಂತುಗಳನ್ನು ರಕ್ತದ ಬಿಳಿಕಣಗಳಲ್ಲಿ ಎಣಿಸಿ, ಅವಘಡಕ್ಕೆ ಸಿಲುಕಿದವರಿಗೆ ತಗಲಿದ ವಿಕಿರಣದ ಪ್ರಮಾಣವನ್ನು ಅಂದಾಜು ಮಾಡಲಾಗುತ್ತದೆ.

ಎ.ಟಿ.ಎಂ. ವಂಶವಾಹಿಯ ಎರಡೂ ಪ್ರತಿಗಳು ದೋಷಯುಕ್ತವಾಗಿರುವ ಅಟಾಕ್ಸಿಯಾ ಟೆಲಾಂಜಿಯೆಕ್ಟೇಸಿಯಾ ಎಂಬ ವಿರಳ ಕಾಯಿಲೆಯವರಿಗೆ ಸಾಮಾನ್ಯ ಪ್ರಮಾಣದ ವಿಕಿರಣ ಚಿಕಿತ್ಸೆಯೂ ಅಪಾಯಕಾರಿ. ಕುಟುಂಬದಲ್ಲಿ ಈ ಕಾಯಿಲೆ ಇದ್ದಲ್ಲಿ ವೈದ್ಯರಿಗೆ ಮುಂಚಿತವಾಗಿ ತಿಳಿಸತಕ್ಕದ್ದು.

ದುರಸ್ತಿ ವ್ಯವಸ್ಥೆ ಇದೆಯೆಂದು ಮುನ್ನೆಚ್ಚರಿಕೆಯನ್ನು ಸಡಿಲಿಸುವಂತಿಲ್ಲ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯು ವಿಕಿರಣ ಕೆಲಸಗಾರರಿಗೆ 5 ವರ್ಷಗಳ ಸರಾಸರಿಯಂತೆ ವರ್ಷಕ್ಕೆ 20 ಮಿಲಿಸೀವರ್ಟ್ (ಯಾವುದೇ ಒಂದು ವರ್ಷದಲ್ಲಿ 30 ಮೀರದಂತೆ) ಹಾಗೂ ಸಾರ್ವಜನಿಕರಿಗೆ ವರ್ಷಕ್ಕೆ 1 ಮಿಲಿಸೀವರ್ಟ್ ಮಿತಿಯನ್ನು ನಿಗದಿಪಡಿಸಿದೆ. ಎಕ್ಸ್-ರೇ ಘಟಕದ ಸಿಬ್ಬಂದಿಯು ವಿಕಿರಣ ಮಾಪನದ ಬ್ಯಾಡ್ಜನ್ನು ಮೇಜಿನ ಖಾನೆಯಲ್ಲಿಡದೆ ಕರ್ತವ್ಯದ ವೇಳೆ ಧರಿಸತಕ್ಕದ್ದು. ರೋಗಿಗಳ ತಪಾಸಣೆಗೆ ಈ ಮಿತಿಗಳು ಅನ್ವಯಿಸುವುದಿಲ್ಲ. ವೈದ್ಯರು ಅಗತ್ಯವೆಂದು ಸೂಚಿಸಿದ ಪರೀಕ್ಷೆಯನ್ನು ಭಯದಿಂದ ಕೈಬಿಡಬೇಕಾಗಿಲ್ಲ. ಗರ್ಭಿಣಿಯರು, ಗರ್ಭಧಾರಣೆಯ ಸಂಶಯವಿರುವವರೂ ಸಹ, ಪರೀಕ್ಷೆಗೆ ಮುನ್ನ ಅದನ್ನು ಸಿಬ್ಬಂದಿಗೆ ತಿಳಿಸುವುದು.